ದಡ್ಡ ದೇಶದ ಸಾರು

ಓದಿದ್ದು ತಲೆಗೆ ಹತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ. ಹತ್ತಿದ್ದು ತಲೆಯಲ್ಲೇ ಇರಬೇಕು, ಅಲ್ಲಿಂದ ಇಳಿದು ಅಡುಗೆಮನೆಗೆ ಬರಬಾರದು ಅಂತ ಮಾತ್ರ ಯಾವ ಮೇಷ್ಟ್ರೂ ಹೇಳಿಕೊಡುವುದಿಲ್ಲ. ನನಗಂತೂ ಯಾರೂ ಹೇಳಲಿಲ್ಲ. ಹೇಳಿದ್ದರೆ ನಮ್ಮ ಮನೆಯವರಿಗೆ ಅಂಥ ಸಾರು ಉಣ್ಣುವ ಸಂಕಟ ತಪ್ಪುತ್ತಿತ್ತು, ನಮ್ಮತ್ತೆ ಬ್ಯಾಗು ಹಿಡಿದುಕೊಂಡು ತರೀಕೆರೆ ಬಸ್ಸು ಹತ್ತುತ್ತಿರಲಿಲ್ಲ. ಹಾಗಂತ ನಾನು ಅರ್ಥಶಾಸ್ತ್ರವನ್ನು ಬೈಯುವುದಕ್ಕೆ ಕೂತಿದ್ದೇನೆ ಅಂದುಕೊಳ್ಳಬೇಡಿ. ಇವತ್ತಿಗೂ ಆ ಪಾಠಕ್ಕೆ ನಾನು ಋಣಿ. ಏನು ಕಲಿತೆ ಅಂತ ಕೇಳಿದರೆ, ಪುಸ್ತಕದಲ್ಲಿ ಇರುವುದನ್ನು ಸ್ವಲ್ಪ ಕಲಿತೆ, ಇಲ್ಲದ್ದನ್ನು ಜಾಸ್ತಿ ಕಲಿತೆ.

ನಾನು ಅಜ್ಜಂಪುರದ ಹುಡುಗಿ, ಕಡೂರಿನ ಸೊಸೆ. ತಲೆಗೆ ಬಣ್ಣ ಹಚ್ಚುವ ವಯಸ್ಸಿನಲ್ಲಿ ಹುಡುಗಿ ಅಂತಾಳಲ್ಲ ಅಂತ ನಗಬೇಡಿ. ತವರೂರಿನ ಹೆಸರು ಬಂದರೆ ಯಾವ ಹೆಂಗಸಿಗೂ ವಯಸ್ಸು ನೆನಪಿರುವುದಿಲ್ಲ. ಪಿಯುಸಿ ಪಾಸಾದ ವರ್ಷವೇ ಮದುವೆಯಾಗಿ ಬಂದೆ. ನಮ್ಮ ಯಜಮಾನರಿಗೆ ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ತೋಟದ ಮೋಟಾರುಗಳು ಸುಟ್ಟು ಕರಕಲಾದ ಮೇಲೆ ಇವರ ಮುಂದೆ ಬಂದು ಕೂರುತ್ತವೆ. ದಿನಾ ಸುಟ್ಟದ್ದನ್ನೇ ನೋಡಿ ನೋಡಿ ಇವರಿಗೆ ಯಾವುದಕ್ಕೂ ಗಾಬರಿಯಾಗುವುದಿಲ್ಲ. ಗಂಡನಾಗುವವನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಇನ್ನೇನು ಬೇಕು ಹೇಳಿ! ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿ ಉಳಿದವರು ನಾನು, ಯಜಮಾನರು, ಅತ್ತೆ.

ನಮ್ಮತ್ತೆ ದೇವನೂರಿನ ಕಡೆಯವರು. ಕೈ ರುಚಿಗೆ ನಮ್ಮ ಬೀದಿಯಲ್ಲೇ ಹೆಸರಾದವರು. ಮುದ್ದೆ ತಿರುವಿದರೆ ಒಂದು ಗಂಟಿಲ್ಲ. ಬಸ್ಸಾರು ಮಾಡಿದರೆ ಪಕ್ಕದ ಮನೆಯವರು ಏನೋ ನೆಪ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬಸ್ಸಾರಿನ ಗುಣ ನಿಮಗೇ ಗೊತ್ತಲ್ಲ, ಮಾಡಿದ ದಿನಕ್ಕಿಂತ ಮಾರನೇ ದಿನ ಇನ್ನೂ ರುಚಿ. ಅತ್ತೆಗೆ ಇನ್ನೊಂದು ಗುಣವೂ ಇದೆ. ಊಟದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದರೂ ಸರಿ, ಸಾರು ಸಪ್ಪೆಯಾಗಿದ್ದರೆ ಬೀಗರ ಮುಖಕ್ಕೇ, "ಯಾಕ್ರವ್ವ, ಉಪ್ಪಿನ ಗಾಡಿ ಇನ್ನೂ ಬಂದಿಲ್ವಾ?" ಅಂತ ಕೇಳಿಬಿಡುವವರು. ಬೇರೆಯವರು ಮಾಡಿದ ಸಾರನ್ನು ಅವರು ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಇಂಥವರ ಅಡುಗೆಮನೆಗೆ ಬಂದು ಸೇರಿದವಳು ನಾನು. ಹೆಚ್ಚುವುದು, ರುಬ್ಬುವುದು, ಅನ್ನ, ಕಾಫಿ, ತೊಳೆಯುವುದು ನನ್ನದು. ಮುದ್ದೆ ಮತ್ತು ಸಾರಿನ ಅಧಿಕಾರ ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ನನಗೆ ಡಿಗ್ರಿ ಮಾಡಬೇಕು ಅನ್ನುವ ಆಸೆ ಮೊದಲಿನಿಂದಲೂ ಇತ್ತು. ಮಗಳು ಚಿಕ್ಕವಳಿದ್ದಾಗ ಒಂದು ಸಲ ದೂರಶಿಕ್ಷಣಕ್ಕೆ ಹೆಸರು ಬರೆಸಿದ್ದೆ. ಪರೀಕ್ಷೆಯ ಹೊತ್ತಿಗೆ ಅವಳಿಗೆ ಅಮ್ಮ ಎದ್ದು ಮೈಯೆಲ್ಲ ಗುಳ್ಳೆ. ಪುಸ್ತಕ ಅಟ್ಟ ಸೇರಿತು. ಈಗ ಅವಳು ಹಾಸ್ಟೆಲ್ಲಿಗೆ ಹೋದ ಮೇಲೆ ಧೈರ್ಯ ಮಾಡಿ ಎರಡನೇ ಸಲ ಸೇರಿದೆ. ಇದೂ ಕೈಬಿಟ್ಟರೆ ಮೂರನೇ ಸಲ ಅನ್ನುವುದು ಇರಲಾರದು, ನನಗೆ ನಾನೇ ಮುಖ ತೋರಿಸುವ ಹಾಗಿರುವುದಿಲ್ಲ ಅಂತ ಒಳಗೊಳಗೇ ಅಳುಕು. ಭಾನುವಾರ ಭಾನುವಾರ ಕಡೂರಿನಲ್ಲೇ ತರಗತಿ. ಅತ್ತೆಗೆ ಹೇಗಪ್ಪಾ ಹೇಳೋದು ಅಂತ ಒದ್ದಾಡಿ, ಕೊನೆಗೆ ಕೊತ್ತಂಬರಿ ಸೋಸುತ್ತಾ ಸೊಪ್ಪಿಗೆ ಹೇಳುವವಳ ಹಾಗೆ ಹೇಳಿದೆ. ಅವರು ತಲೆಯನ್ನೂ ಎತ್ತಲಿಲ್ಲ. "ಭಾನುವಾರ ತಾನೆ? ಹೋಗ್ ಬಾ. ಒಲೆ ನಾನು ನೋಡ್ಕತೀನಿ" ಅಂದರು. ಅಷ್ಟೇ. ಅವತ್ತಿನಿಂದ ಭಾನುವಾರ ಹೆಚ್ಚುವುದರಿಂದ ತೊಳೆಯುವುದರ ತನಕ ಎಲ್ಲ ಅವರದೇ. ನಾನು ಮಧ್ಯಾಹ್ನ ಹಸಿದು ಬರುವ ಹೊತ್ತಿಗೆ ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಸಾರು, ಮೇಲೊಂದು ತಟ್ಟೆ ಮುಚ್ಚಿಟ್ಟಿರುತ್ತಿತ್ತು.

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ನನ್ನನ್ನು 'ಮೇಡಂ' ಅನ್ನುತ್ತಿದ್ದರು, ನಾನು 'ಸಾರ್' ಅನ್ನುತ್ತಿದ್ದೆ. ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆ ಅಂತ ಹೊರಗಿನವರಿಗೆ ಅನುಮಾನ ಬರಬೇಕು. ಮೊದಲನೇ ದಿನವೇ ಅವರು, "ನೋಡಿ, ಪ್ರಪಂಚದಲ್ಲಿ ಬಿಟ್ಟಿ ಊಟ ಅನ್ನೋದು ಇಲ್ಲವೇ ಇಲ್ಲ. ನೀವು ಕೊಡದೇ ಇದ್ರೆ ಇನ್ಯಾರೋ ಒಬ್ಬರು ಅದರ ಬೆಲೆ ತೆತ್ತಿರ್ತಾರೆ" ಅಂದರು. ಹಿಂದಿನ ಬೆಂಚಿನಲ್ಲಿದ್ದ ಪೊಲೀಸ್ ಒಬ್ಬರು ಎದ್ದು ನಿಂತು, "ಸಾರ್, ಮದುವೆ ಊಟ?" ಅಂತ ಕೇಳಿದರು. "ಮುಯ್ಯಿ ಮಾಡ್ತೀರಲ್ಲ ಸಾರ್" ಅಂದರು ಮೇಷ್ಟ್ರು. ಎಲ್ಲರೂ ನಕ್ಕೆವು. ಎಂಥ ಮಾತು, ಎಂಥ ಮಾತು ಅಂತ ದಾರಿಯುದ್ದಕ್ಕೂ ತಲೆದೂಗಿಕೊಂಡು ಮನೆಗೆ ಬಂದು, ಮುಚ್ಚಿದ ತಟ್ಟೆ ತೆಗೆದು ಊಟ ಮಾಡಿದೆ.

ಹೊಸದಾಗಿ ಕನ್ನಡಕ ಹಾಕಿಕೊಂಡವರಿಗೆ ಎಲ್ಲ ಕಡೆ ಧೂಳೇ ಕಾಣುತ್ತದಂತೆ. ನನಗೆ ಎಲ್ಲ ಕಡೆ ಅರ್ಥಶಾಸ್ತ್ರ ಕಾಣತೊಡಗಿತು. ಅಜ್ಜಂಪುರದಲ್ಲಿ ನಮ್ಮಣ್ಣ ಈರುಳ್ಳಿ ಬೆಳೆಯುತ್ತಾನೆ. ಈರುಳ್ಳಿಗೆ ಬೆಲೆಯಿಲ್ಲದ ವರ್ಷ, "ತಂಗೀ, ನೀನಿಲ್ದೆ ನನಗಿನ್ಯಾರಿದಾರೆ" ಅಂತ ಮೂಟೆಯನ್ನೇ ತಂದು ಇಳಿಸುತ್ತಾನೆ. ಬೆಲೆ ಏರಿದ ವರ್ಷ ಫೋನಿನಲ್ಲಿ ಕ್ಷೇಮಸಮಾಚಾರ ಮಾತ್ರ. ಬೆಲೆ ಏರಿದಾಗ ಅಣ್ಣನ ಪ್ರೀತಿ ಇಳಿಯುತ್ತದೆ, ಬೆಲೆ ಇಳಿದಾಗ ಪ್ರೀತಿ ಏರುತ್ತದೆ. ಮೇಷ್ಟ್ರು ಹಲಗೆಯ ಮೇಲೆ ಬೇಡಿಕೆಯ ರೇಖೆ ಎಳೆದು, "ಯಾಕೆ ಹೀಗೆ ಕೆಳಗಿಳಿಯುತ್ತೆ ಹೇಳಿ ಮೇಡಂ" ಅಂದಾಗ ನನಗೆ ಅಲ್ಲಿ ಅಣ್ಣನೇ ಕಂಡ. ಯಜಮಾನರು ರಸ್ತೆ ಅಗೆಯುವ ಜೆಸಿಬಿ ನೋಡುತ್ತಾ ಅರ್ಧ ಗಂಟೆ ನಿಂತರೆ, "ರೀ, ಇಲ್ಲಿ ನಿಂತು ಕಳ್ಕೊಂಡಿದ್ದು ಎಷ್ಟು, ನಿಮ್ಮ ಅವಕಾಶ ವೆಚ್ಚ ಗೊತ್ತೇನ್ರಿ?" ಅನ್ನುತ್ತಿದ್ದೆ. "ಗೊತ್ತು ಕಣೇ. ಇಲ್ಲಿ ನಿಂತಿದ್ದಕ್ಕೆ ಮನೇಲಿ ನಿನ್ನ ಪಾಠ ತಪ್ತು" ಅನ್ನುತ್ತಿದ್ದರು.

ಆಮೇಲೆ ಬಂತು ತುಷ್ಟಿಗುಣದ ಪಾಠ. ಮೊದಲನೇ ಹೋಳಿಗೆ ಕೊಟ್ಟಷ್ಟು ಸಂತೋಷವನ್ನು ಎರಡನೇದು ಕೊಡುವುದಿಲ್ಲ, ಎರಡನೇದು ಕೊಟ್ಟಷ್ಟನ್ನು ಮೂರನೇದು ಕೊಡುವುದಿಲ್ಲ, ಮುಂದೆ ಸಂತೋಷ ಹೋಗಿ ಸಂಕಟ ಶುರುವಾಗುತ್ತದೆ. ಇದಕ್ಕೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಅಂತ ಬಾಯಿ ತುಂಬುವ ಹೆಸರು. "ಈ ನಿಯಮ ಮುರಿಯೋಕೆ ಆಗಲ್ಲ" ಅಂದರು ಮೇಷ್ಟ್ರು. ನಮ್ಮ ಕಡೆ ಬೀಗರ ಊಟದಲ್ಲಿ ಎಲೆಗೆ ಅಡ್ಡ ಕೈ ಹಿಡಿದವರ ಬೆರಳ ಸಂದಿಯಲ್ಲೇ ಹೋಳಿಗೆ ತೂರಿಸುವವರನ್ನು ಅವರು ಕಂಡಿಲ್ಲವೇನೋ ಅಂದುಕೊಂಡೆ. ಆದರೆ ನಿಯಮ ಬರೆದುಕೊಂಡೆ. ಪರೀಕ್ಷೆಗೆ ಬರುವ ಪ್ರಶ್ನೆ ಅಂತ ಹೇಳಿದ್ದರು.

ಇದೆಲ್ಲ ಒಂದು ತೂಕ. ತುಲನಾತ್ಮಕ ವೆಚ್ಚದ ಸಿದ್ಧಾಂತ ಒಂದು ತೂಕ. ಮನೆ ಹಾಳು ಮಾಡಿದ್ದು ಅದೇ. ಪುಸ್ತಕದಲ್ಲಿ ಬಟ್ಟೆ ಮತ್ತು ದ್ರಾಕ್ಷಾರಸ ತಯಾರಿಸುವ ಪರದೇಶಗಳ ಉದಾಹರಣೆ ಇತ್ತು. ಮೇಷ್ಟ್ರು ಅದನ್ನು ಬಿಡಿಸಿ ಹೇಳಿದರು: "ಎರಡು ದೇಶ ಅಂದ್ಕೊಳಿ. ಒಂದು ದೇಶ ಜಾಣ ದೇಶ, ಎರಡು ವಸ್ತುವನ್ನೂ ಚೆನ್ನಾಗಿ ಮಾಡುತ್ತೆ. ಇನ್ನೊಂದು ದಡ್ಡ ದೇಶ, ಎರಡರಲ್ಲೂ ಹಿಂದೆ. ಹಾಗಂತ ದಡ್ಡ ದೇಶ ಸುಮ್ಮನೆ ಕೂರಬೇಕಾ? ಬೇಡ. ಯಾವುದರಲ್ಲಿ ಅದರ ದಡ್ಡತನ ಕಮ್ಮಿಯೋ ಅದನ್ನು ಅದೇ ಮಾಡಬೇಕು, ಇನ್ನೊಂದನ್ನು ಜಾಣ ದೇಶಕ್ಕೆ ಬಿಡಬೇಕು. ಆಗ ಇಬ್ಬರಿಗೂ ಲಾಭ." ನಾನು ಆ ಮಾತನ್ನು ಎರಡೆರಡು ಸಲ ಬರೆದುಕೊಂಡೆ ಅಂದರೆ ನಂಬುತ್ತೀರಾ? ಇಷ್ಟು ವರ್ಷ ಆ ಅಡುಗೆಮನೆಯಲ್ಲಿ ದಡ್ಡ ದೇಶವಾಗಿ ಬದುಕಿದವಳು ನಾನು. ನನಗೂ ಒಂದು ಜಾಗ ಇದೆ ಅಂತ ಹೇಳಿದವರು, ಆ ಮೇಷ್ಟ್ರು ಒಬ್ಬರೇ.

ದಾರಿಯಲ್ಲೇ ಲೆಕ್ಕ ಹಾಕಿದೆ. ಅತ್ತೆ ಮುದ್ದೆಯಲ್ಲೂ ಮೇಲು, ಸಾರಿನಲ್ಲೂ ಮೇಲು. ನಾನು ಎರಡರಲ್ಲೂ ಹಿಂದೆ. ಆದರೆ ನನ್ನ ಮುದ್ದೆ ಅನಾಹುತ. ಸಾರು ಬರೀ ಕೆಟ್ಟದ್ದು. ಅನಾಹುತಕ್ಕಿಂತ ಕೆಟ್ಟದ್ದು ವಾಸಿ. ಆದ್ದರಿಂದ ಶಾಸ್ತ್ರದ ಪ್ರಕಾರ ನಮ್ಮನೆಯ ಸಾರು ನಾನೇ ಮಾಡಬೇಕು! ಅವತ್ತು ಸಂಜೆಯೇ ಅತ್ತೆಯ ಮುಂದೆ ಕೂತು ವಿಷಯ ತೆಗೆದೆ.

"ಅತ್ತೆ, ಇನ್ನು ಮೇಲೆ ಸಾರು ನಾನು ಮಾಡ್ತೀನಿ. ನೀವು ಬರೀ ಮುದ್ದೆ ನೋಡ್ಕೊಳಿ."

"ಯಾಕೆ? ನನ್ನ ಸಾರಿಗೇನಾಗಿದೆ?"

"ಏನೂ ಆಗಿಲ್ಲ. ನಿಮ್ಮ ಸಾರು ನನ್ನದಕ್ಕಿಂತ ಸಾವಿರ ಪಾಲು ಮೇಲು."

"ಮತ್ತೆ?"

"ಅದಕ್ಕೇ ನಾನು ಮಾಡ್ಬೇಕು. ಅದು ಶಾಸ್ತ್ರ ಅತ್ತೆ."

"ಯಾವ ಶಾಸ್ತ್ರ ಕಣೆ ಅದು, ಚೆನ್ನಾಗ್ ಮಾಡೋರು ಕೈಕಟ್ಕೊಂಡು ಕೂರ್ಬೇಕು ಅನ್ನೋದು?"

"ಅರ್ಥಶಾಸ್ತ್ರ."

ಅತ್ತೆ ಮಗನ ಮುಖ ನೋಡಿದರು. ಯಜಮಾನರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರು. "ಸರಿ, ಓದಿದೋಳು ಹೇಳ್ತಿದೀಯ. ಮಾಡು" ಅಂದುಬಿಟ್ಟರು ಅತ್ತೆ. ಅವರು ಇಷ್ಟು ಸುಲಭವಾಗಿ ಒಪ್ಪಿದ್ದರಲ್ಲೇ ನಾನು ಎಚ್ಚರವಾಗಬೇಕಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬಂತು ಅಂತ ನಾನು ಸೆರಗು ಸಿಕ್ಕಿಸಿದೆ.

ಆ ಸಾರುಗಳ ಬಗ್ಗೆ ಹೆಚ್ಚು ಹೇಳಲಾರೆ. ಒಂದು ದಿನ ನೀರು ನೀರು, ಒಂದು ದಿನ ಹುಣಸೆಹಣ್ಣಿನ ಕಷಾಯ. ಹುರುಳಿಕಾಳು ಬೇಯಲಿಲ್ಲ, ಬೇಳೆ ಬೆಂದು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ. "ಉಪ್ಪನ್ನ ಸಾರಿಗೆ ಹಾಕಿದ್ಯೋ, ಸಾರನ್ನೇ ಉಪ್ಪಿಗೆ ಹಾಕಿದ್ಯೋ?" ಅಂತ ಅತ್ತೆ ಮೊದಲೆರಡು ದಿನ ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟು ಮುದ್ದೆಗೆ ಮಜ್ಜಿಗೆ ಹಾಕಿಕೊಳ್ಳತೊಡಗಿದರು. ಯಜಮಾನರು ಮಾತ್ರ ಒಂದು ದಿನ ಮೆಲ್ಲಗೆ, "ಅಲ್ಲ ಕಣೇ, ಚೆನ್ನಾಗಿ ಮಾಡೋರು ಮನೇಲೇ ಇದಾರಲ್ಲ..." ಅಂದರು. "ಅದೇ ರೀ ಈ ಸಿದ್ಧಾಂತದ ಸೊಗಸು!" ಅಂದೆ. "ನನಗೆ ಸುಟ್ಟ ಮೋಟಾರು ರಿಪೇರಿ ಮಾಡಕ್ಕೆ ಬರುತ್ತೆ. ಸುಟ್ಟ ಸಾರು ಬರಲ್ಲ" ಅಂತ ಕೈ ತೊಳೆದರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಂಡ ಮಹರಾಯರು ಇವರು.

ಅಷ್ಟರಲ್ಲಿ ಅತ್ತೆಯ ತಮ್ಮ ದೇವನೂರಿನಿಂದ ಬಂದರು. ಅವರಿಗೆ ಜಮೀನಿನ ಖಾತೆಯ ಕೆಲಸಕ್ಕೆ ಕಡೂರಿಗೆ ಬರುವುದಿರುತ್ತದೆ, ಬಂದಾಗೆಲ್ಲ ಊಟ ನಮ್ಮ ಮನೆಯಲ್ಲೇ. ಖಾತೆ ಕೆಲಸ ಒಂದು ಸಲಕ್ಕೆ ಮುಗಿಯದಿದ್ದರೆ ಅವರಿಗೆ ಬೇಜಾರಿಲ್ಲ. ಅಕ್ಕನ ಕೈ ಊಟ ಇನ್ನೊಂದು ಸಲ ಸಿಕ್ಕಿತಲ್ಲ ಅನ್ನುವ ಸಂತೋಷ. ಅವತ್ತೂ ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ಕಣ್ಣು ಬಿಟ್ಟಾಗ ಅವರ ಮುಖ ನೋಡುವ ಹಾಗಿರಲಿಲ್ಲ. ತಟ್ಟೆ ನೋಡಿದರು, ಅಕ್ಕನನ್ನು ನೋಡಿದರು. ಕೊನೆಗೆ ಮೆತ್ತಗೆ, "ಅಕ್ಕಾ, ಹುಷಾರಾಗಿದೀಯ ತಾನೆ? ಬಿಪಿ ಗಿಪಿ ತೋರಿಸ್ದ್ಯಾ? ಕೈ ರುಚಿ ಹೊಂಟೋಗ್ಬಿಟ್ಟಿದೆಯಲ್ಲೇ!" ಅಂದರು. ಆ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾದ ಮರುಕ ಇತ್ತು.

ನಾನು ಬಾಗಿಲ ಪಕ್ಕ ಸೌಟು ಹಿಡಿದು ನಿಂತಿದ್ದೆ. ಈಗ ಹೇಳುತ್ತಾರೆ, ಇದು ನಾನು ಮಾಡಿದ್ದಲ್ಲ ಕಣೋ, ಇವಳು ಮಾಡಿದ್ದು ಅಂತ ಈಗ ಹೇಳುತ್ತಾರೆ ಅಂತ ಕಾದೆ. ಬೀಗರ ಮುಖಕ್ಕೇ ಹೇಳುವವರಿಗೆ ತಮ್ಮನೇನು ಲೆಕ್ಕ? ಅತ್ತೆ ಒಂದು ಸಲ ನನ್ನ ಕಡೆ ನೋಡಿದರು. "ವಯಸ್ಸಾಯ್ತಲ್ಲೋ. ಒಂದೊಂದು ದಿನ ಹಿಂಗೇ ಕೆಟ್ಟೋಗುತ್ತೆ. ಮಜ್ಜಿಗೆ ಹಾಕ್ಕೊ" ಅಂದರು. ಊಟದ ವಿಷಯದಲ್ಲಿ ಅವರು ಹೇಳಿದ ಮೊದಲನೇ ಸುಳ್ಳು ಅದು. ನನಗಾಗಿ ಹೇಳಿದ್ದು. ನಾನು ಸೌಟು ಹಿಡಿದುಕೊಂಡೇ ಒಳಗೆ ಹೋದೆ.

ಮಾರನೇ ಬೆಳಿಗ್ಗೆ ಅತ್ತೆ ಸೀರೆ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದರು. "ತರೀಕೆರೆಗೆ ಹೋಗಿ ಬತ್ತೀನಿ. ಮಗಳನ್ನ ನೋಡಿ ತಿಂಗಳಾಯ್ತು" ಅಂದರು. ಮಗಳು ಅಂದರೆ ನನ್ನ ನಾದಿನಿ. ಜಗಳವಿಲ್ಲ, ಕಣ್ಣೀರಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿ ಇತ್ತು. ಜಗಳಕ್ಕೆ ನಾನು ಉತ್ತರ ಕೊಡಬಲ್ಲೆ. ನನಗೆ ಅದರಲ್ಲಿ ತುಲನಾತ್ಮಕವಾಗಿ ಅಲ್ಲ, ಪೂರ್ತಿಯಾಗೇ ಮೇಲುಗೈ. ಯಾವಾಗ ಬರ್ತೀರಿ ಅಂತ ಕೇಳಿದ್ದಕ್ಕೆ, "ನನ್ನದೇನಿದೆ ಇಲ್ಲಿ ಅವಸರ? ಮುದ್ದೆ ಅಂಗಡೀಲೂ ಸಿಗುತ್ತೆ" ಅಂದು ಬಸ್ಸು ಹತ್ತಿದರು.

ಜಾಣ ದೇಶ ಗಡಿ ಮುಚ್ಚಿಕೊಂಡು ಹೋದರೆ ದಡ್ಡ ದೇಶ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಹುಡುಕಿದೆ. ಸ್ವಾವಲಂಬಿಯಾಗಬೇಕಂತೆ. ಆದೆ. ಎಸರಿಟ್ಟು ಹಿಟ್ಟು ಸುರಿದು ಮುದ್ದೆ ಕೋಲಿನಲ್ಲಿ ತಿರುವಿ ತಿರುವಿ ರಟ್ಟೆ ಬಿದ್ದುಹೋಯಿತು. ಯಜಮಾನರು ಮುದ್ದೆ ಮುರಿದರು, ಒಳಗೆ ಒಣ ಹಿಟ್ಟಿನ ಗಂಟುಗಳು ಒಂದರ ಹಿಂದೆ ಒಂದು ಹೊರಬಂದವು. ಅವನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಅಡುಗೆ, ಪಾತ್ರೆ, ನೀರು ಅಂತ ದಿನ ಹೋಗುತ್ತಿತ್ತು. ಪುಸ್ತಕ ಬಿಡಿಸಿದರೆ ಒಲೆಯ ಮೇಲಿನದು ಸೀಯುವ ವಾಸನೆ. ಭಾನುವಾರದ ತರಗತಿಯೂ ತಪ್ಪಿತು. ಪರೀಕ್ಷೆಗೆ ಕೆಲವೇ ವಾರ ಉಳಿದಿದ್ದವು. ಹಾಲುಕ್ಕಿ ಒಲೆಯೆಲ್ಲ ಆಗಿ ಅದನ್ನು ಒರೆಸುತ್ತಾ ಕೂತಾಗ ಗೊತ್ತಾಯಿತು, ಈ ಸಲವೂ ಪುಸ್ತಕ ಅಟ್ಟಕ್ಕೇ ಹೋಗುತ್ತದೆ ಅಂತ. ಅಳು ಬಂತು. ಹಾಲು ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡು ತರೀಕೆರೆಗೆ ಹೊರಟೆ.

ಬಸ್ಸಿನಲ್ಲಿ ಬೀರೂರು ದಾಟುವವರೆಗೆ ಮಾತು ಜೋಡಿಸಿಕೊಂಡೆ. ಕ್ಷಮೆ ಕೇಳಬೇಕು, ಆದರೆ ತೀರಾ ಬಗ್ಗಬಾರದು. ಸಾರು ಬಿಟ್ಟುಕೊಡಬೇಕು, ಆದರೆ ಸಿದ್ಧಾಂತ ತಪ್ಪು ಅಂತ ಒಪ್ಪಬಾರದು. ನಾದಿನಿಯ ಮನೆ ಬಾಗಿಲು ತಟ್ಟಿದಾಗ ಅವಳೇ ಬಂದು, "ಅಯ್ಯೋ ಅತ್ತಿಗೆ, ಬನ್ನಿ ಬನ್ನಿ! ಅಮ್ಮನ್ನ ಒಂದು ಲೋಟ ತೊಳೆಯಕ್ಕೂ ಬಿಟ್ಟಿಲ್ಲ ನಾನು, ಹೂವಿನ ಥರ ನೋಡ್ಕೊಂಡಿದೀನಿ" ಅಂದಳು. ಒಳಗೆ ಅತ್ತೆ ಸೋಫಾದ ಮೇಲೆ ಕೂತಿದ್ದರು. ಎದುರಿಗೆ ಟಿವಿ ಓಡುತ್ತಿತ್ತು, ಅವರು ಅದರ ಪಕ್ಕದ ಗೋಡೆ ನೋಡುತ್ತಿದ್ದರು. ಎರಡು ಕೈಯನ್ನೂ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದರು. ಆ ಕೈ ಸುಮ್ಮನೆ ಇದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾದಿನಿ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿದ ಸದ್ದು ಬಂದಾಗ ಅತ್ತೆಯ ಕತ್ತು ಮಾತ್ರ ಆ ಕಡೆ ತಿರುಗಿತು.

ನನ್ನನ್ನು ಕಂಡು ಬಾ ಅನ್ನಲಿಲ್ಲ. "ಪರೀಕ್ಷೆ ಯಾವಾಗ?" ಅಂದರು.

ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಬಿಡಿ ಅತ್ತೆ. ಈ ಸಲ ಬರೆಯೋದಿಲ್ಲ ನಾನು" ಅಂದುಬಿಟ್ಟೆ.

"ಏನಂದೆ?" ಅತ್ತೆ ಎದ್ದೇ ನಿಂತರು. "ಬರಿಯಲ್ವಾ? ಅಷ್ಟು ಭಾನುವಾರ ಮಂಡಿನೋವು ಇಟ್ಕೊಂಡು ಒಲೆ ಮುಂದೆ ನಿಂತಿದ್ದು ಯಾಕೆ ನಾನು? ನೀನು ಪುಸ್ತಕ ಹೊತ್ಕೊಂಡು ಹೋಗಿ ಬಂದು ಉಂಡು ಮಲಗ್ಲಿ ಅಂತಾನಾ? ಹಿಂದೆ ಕೂಸಿಗೆ ಅಮ್ಮ ಆದಾಗ ನೀನು ಪುಸ್ತಕ ಅಟ್ಟಕ್ಕೆ ಹಾಕಿದ್ದ ನೋಡಿದ್ದೆ ಕಣೆ. ಏನೂ ಅನ್ನಲಿಲ್ಲ ನೀನು. ಈ ಸಲ ನನ್ನ ಕೈಲಾದಷ್ಟು ನಾನು ನೋಡ್ಕಬೇಕು ಅಂತ ಅಂದ್ಕಂಡಿದ್ದೆ. ಈಗ ಬಿಡಿ ಅಂತಾಳೆ, ಬಿಡಿ!"

ಬಿಟ್ಟಿ ಊಟ ಅನ್ನೋದು ಇಲ್ಲವೇ ಇಲ್ಲ ಅಂತ ಮೇಷ್ಟ್ರು ಹೇಳಿದ್ದರು. ನಾನು ತಲೆದೂಗಿದ್ದೆ. ಭಾನುವಾರ ಭಾನುವಾರ ಮುಚ್ಚಿಟ್ಟ ತಟ್ಟೆ ತೆಗೆದು ಉಂಡು, ಕೈ ತೊಳೆದು, ಬಿಟ್ಟಿ ಊಟ ಇಲ್ಲ ಅನ್ನುವುದನ್ನೇ ಬಾಯಿಪಾಠ ಮಾಡುತ್ತಾ ಮಲಗಿದ್ದೆ. ನಾದಿನಿಯ ನಡುಮನೆಯಲ್ಲಿ ನಿಂತು ನಾಚಿಕೆಯೂ ಆಯಿತು, ಹೇಳಲಾರದಷ್ಟು ಪ್ರೀತಿಯೂ ಬಂತು. ಅತ್ತೆಯ ಕೈ ಹಿಡಿದುಕೊಂಡೆ. ನಮ್ಮ ಮನೆಗಳಲ್ಲಿ ಅತ್ತೆ ಸೊಸೆ ಹಾಗೆಲ್ಲ ಕೈ ಹಿಡಿದುಕೊಳ್ಳುವ ವಾಡಿಕೆ ಇಲ್ಲ. ಇಬ್ಬರಿಗೂ ಮುಜುಗರವಾಯಿತು. ಆದರೂ ಬಿಡಲಿಲ್ಲ.

"ಬರೀತೀನಿ ಅತ್ತೆ. ನೀವು ಮನೆಗೆ ಬನ್ನಿ."

"ಬತ್ತೀನಿ. ಆದ್ರೆ ಸಾರು ನಂದು. ಮುದ್ದೆ ನಂದು. ಪುಸ್ತಕ ನಿಂದು."

"ಅದು ಹೇಗಾಗುತ್ತೆ ಅತ್ತೆ, ನಿಮಗೆ ನಾನೇನು ಕೊಟ್ಟ ಹಾಗಾಯ್ತು?"

"ಪಾಸಾಗು."

"ದೇವನೂರು ಮಾವನಿಗೆ ಫೋನ್ ಮಾಡಿ ನಿಜ ಹೇಳಿಬಿಡ್ತೀನಿ, ಅವತ್ತಿನ ಸಾರು ನಾನು ಮಾಡಿದ್ದು ಅಂತ."

"ಏನೂ ಬೇಡ. ಸೊಸೆಗೆ ಅಡುಗೆ ಬರಲ್ಲ ಅಂತ ಊರೆಲ್ಲ ಹೇಳ್ಕೊಂಡು ಬತ್ತಾನೆ ಅವನು. ಮುಂದಿನ ಸಲ ಬರ್ಲಿ, ಬಸ್ಸಾರು ಮಾಡಿ ಬಾಯಿ ಮುಚ್ಚುಸ್ತೀನಿ" ಅಂದು, ಒಳಗೆ ಹೋಗಿ ಬ್ಯಾಗು ತಂದರು. ಬ್ಯಾಗು ಮೊದಲೇ ತುಂಬಿಟ್ಟಿತ್ತು. ಅದನ್ನು ಗಮನಿಸದವಳ ಹಾಗೆ ನಾನು ನಾದಿನಿಯ ಜೊತೆ ಮಾತಾಡುತ್ತಾ ನಿಂತೆ.

ವಾಪಸು ಬರುವಾಗ ಕಿಟಕಿ ಪಕ್ಕ ಕೂತ ಅತ್ತೆಗೆ ದಡ್ಡ ದೇಶ, ಜಾಣ ದೇಶದ ಕತೆಯನ್ನು ಪೂರ್ತಿ ಹೇಳಿದೆ. ಗಮನವಿಟ್ಟು ಕೇಳಿದರು. "ನೀನು ಸಾರು ಮಾಡಿದ್ರೆ ನನಗೆ ಹೊತ್ತು ಉಳೀತದೆ ಅಂತ ತಾನೆ ನಿನ್ನ ಲೆಕ್ಕ? ಉಳಿದ ಹೊತ್ತಲ್ಲಿ ನಾನು ಏನ್ ಮಾಡ್ಲಿ? ಸೋಫಾ ಮೇಲೆ ಕೂರ್ಲಾ?" ಅಂದರು. ಸಿದ್ಧಾಂತ ಸುಳ್ಳಲ್ಲ, ಮೇಷ್ಟ್ರದ್ದೂ ತಪ್ಪಿಲ್ಲ. ಕೆಲಸ ಅಂದರೆ ವೆಚ್ಚ, ಕಮ್ಮಿಯಾದಷ್ಟೂ ಲಾಭ ಅಂತ ಹಿಡಿದ ಲೆಕ್ಕ ಅದು. ಅತ್ತೆಗೆ ಆ ಸಾರು ವೆಚ್ಚವಾಗಿರಲಿಲ್ಲ. ಮನೆಯಲ್ಲಿ ಅವರದು ಅಂತ ಇದ್ದ ಜಾಗ ಅದು. ನಾನು ಲಾಭ ಮಾಡಿಕೊಡಲು ಹೋಗಿ ಅದನ್ನೇ ಕಿತ್ತುಕೊಂಡಿದ್ದೆ. "ಆದ್ರೂ ನಿಮ್ಮ ಮೇಷ್ಟ್ರು ಬುದ್ಧಿವಂತ್ರು ಕಣೆ" ಅಂದರು ಅತ್ತೆ. "ದಡ್ಡರಿಗೂ ಒಂದು ಕೆಲ್ಸ ಇರ್ಬೇಕು ಅಂದ್ರಲ್ಲ, ಅದು ಒಳ್ಳೆ ಮಾತು." ಹೊಗಳಿದ್ದು ಮೇಷ್ಟ್ರನ್ನೋ ಬೈದದ್ದು ನನ್ನನ್ನೋ ತಿಳಿಯದೆ ಟಿಕೆಟ್ ತೆಗೆಸಿದೆ.

ಪರೀಕ್ಷೆ ಬರೆದೆ. ತುಲನಾತ್ಮಕ ವೆಚ್ಚ ಸಿದ್ಧಾಂತ ವಿವರಿಸಿ ಅಂತ ಕೇಳಿಯೇ ಬಿಟ್ಟಿದ್ದರು. ಬಟ್ಟೆ, ದ್ರಾಕ್ಷಾರಸ ಎಲ್ಲ ಮರೆತುಹೋಗಿತ್ತು. ದೇವನೂರು ಅಂತ ಒಂದು ದೇಶ, ಅಜ್ಜಂಪುರ ಅಂತ ಒಂದು ದೇಶ, ಮುದ್ದೆ ಮತ್ತು ಸಾರು ಎರಡು ವಸ್ತು ಅಂತ ಶುರು ಮಾಡಿದವಳು ಪೂರಕ ಹಾಳೆ ಕೇಳಿ ತೆಗೆದುಕೊಂಡು ಬರೆದೆ. ಕೊನೆಯಲ್ಲಿ, "ಈ ಸಿದ್ಧಾಂತವನ್ನು ಜಾರಿಗೆ ತರುವ ಮೊದಲು ಜಾಣ ದೇಶವನ್ನು ಒಂದು ಮಾತು ಕೇಳುವುದು ಒಳ್ಳೆಯದು" ಅಂತ ಟೀಕೆಯನ್ನೂ ಸೇರಿಸಿದೆ. ಪೇಪರು ತಿದ್ದಿದ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲೂ ಅತ್ತೆ ಇದ್ದಿರಬೇಕು. ಫಲಿತಾಂಶ ಬಂದಾಗ ಯಜಮಾನರು ಅಂಗಡಿಯಿಂದಲೇ ಫೋನು ಮಾಡಿ, "ಪಾಸ್ ಕಣೇ!" ಅಂತ ಕೂಗಿದರು. ಅತ್ತೆ ಬೀದಿಯವರಿಗೆಲ್ಲ, "ನಾವು ಪಾಸಾದ್ವಿ" ಅಂತ ಹೇಳಿಕೊಂಡು ಬಂದರು. ನಾನು ತಿದ್ದಲು ಹೋಗಲಿಲ್ಲ. ಅದರಲ್ಲಿ ತಪ್ಪೇನೂ ಇರಲಿಲ್ಲ.

"ಏನು ಬೇಕು ಕೇಳಿ ಅತ್ತೆ, ಇವತ್ತು ನೀವು ಕೇಳಿದ್ದು ಕೊಡ್ತೀನಿ" ಅಂದೆ. ಅವರು ಸೌಟು ತಂದು ನನ್ನ ಕೈಗಿಟ್ಟರು. "ಇವತ್ತು ಸಾರು ನೀನು ಮಾಡು" ಅಂದರು.

ಮಾಡಿದೆ. ಯಜಮಾನರು ಎರಡು ತುತ್ತು ಉಂಡು ಮೇಲೆ ಫ್ಯಾನು ನೋಡಿದರು. ಅತ್ತೆ ಮಾತ್ರ ಮುದ್ದೆ ಮುರಿದು, ಅದ್ದಿ, ನಿಧಾನವಾಗಿ ನುಂಗಿದರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಬಟ್ಟಲು ಖಾಲಿಯಾಯಿತು. ನನ್ನ ಕಡೆ ಬಟ್ಟಲು ಚಾಚಿ, "ಇನ್ನೊಂದು ಸೌಟು ಹಾಕು" ಅಂದರು. ಯಜಮಾನರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಮುರಿಯೋಕೆ ಆಗಲ್ಲ ಅಂತ ಮೇಷ್ಟ್ರು ಹೇಳಿದ್ದ ತುಷ್ಟಿಗುಣದ ನಿಯಮ ನನ್ನ ಕಣ್ಣೆದುರಿಗೆ ಮುರಿಯಿತು. ಕೇಳಿದ್ದು ಒಂದು ಸೌಟು, ನಾನು ಎರಡು ಬಡಿಸಿದೆ. ಇಷ್ಟು ವರ್ಷಕ್ಕೆ ನನ್ನ ಕೈಗೂ ರುಚಿ ಬಂತು ನೋಡು ಅಂತ ಹಿಗ್ಗಿ ಹೀರೇಕಾಯಿಯಾದೆ.

ಸಂಜೆ ಯಜಮಾನರು ಹತ್ತಿರ ಬಂದು ಗುಟ್ಟಿನಲ್ಲಿ, "ಏ, ಊಟ ಆದ್ಮೇಲೆ ಅಮ್ಮ ಹಿತ್ತಲಿಗೆ ಹೋಗಿ ಒಂದು ಚೊಂಬು ನೀರು ಗಟಗಟ ಕುಡಿದು, ಬೆಲ್ಲದುಂಡೆ ಬಾಯಿಗೆ ಹಾಕ್ಕೊಂಡ್ರು ಕಣೇ" ಅಂದರು.

"ಹೌದಾ? ಅಷ್ಟೊಂದು ಖಾರ ಆಗಿತ್ತಾ?" ಅಂದೆ.

"ಆಗಿತ್ತಾ ಅಂತ ನನ್ನ ಕೇಳ್ತೀಯಲ್ಲ, ನೀನೂ ಉಂಡೆಯಲ್ಲ, ಗೊತ್ತಾಗ್ಲಿಲ್ವಾ?"

ನನಗೆ ಹೇಗೆ ಗೊತ್ತಾಗಬೇಕು? ಎಲ್ಲರಿಗೂ ಬಡಿಸಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ನಾನು ಉಂಡದ್ದು ಅತ್ತೆ ಹಿಂದಿನ ದಿನ ಮಾಡಿಟ್ಟಿದ್ದ ಬಸ್ಸಾರು.